ಬೆಕ್ಕಿನ ಸೀನು

ಸಾಕುಬೆಕ್ಕು ಪದೇ ಪದೇ ಸೀನುವುದು ಒಂದು ರೋಗಲಕ್ಷಣ. ಅದರ ಹಿಂದೆ ವೈರಸ್ ಇರಬಹುದು, ಕೀವುಗಟ್ಟಿದ ಹಲ್ಲಿನ ಬೇರಿರಬಹುದು, ಮೂಗಿನ ಹಿಂದೆ ಸಿಕ್ಕಿಕೊಂಡ ಗರಿಕೆಯ ಎಸಳಿರಬಹುದು, ಅಡುಗೆಮನೆಯ ಒಗ್ಗರಣೆಯ ಘಾಟೂ ಇರಬಹುದು. ಮೂಗಿನ ಒಳಪೊರೆ ಕೆರಳಿದಾಗ ಆ ಸುದ್ದಿ ಟ್ರೈಜೆಮಿನಲ್ ಎಂಬ ಮುಖದ ನರದ ಮೂಲಕ ಮಿದುಳಿನ ಕಾಂಡಕ್ಕೆ ತಲುಪುತ್ತದೆ. ಅಲ್ಲಿಂದ ಅಪ್ಪಣೆ ಬಂದೊಡನೆ ಎದೆ, ಹೊಟ್ಟೆ, ಗಂಟಲಿನ ಸ್ನಾಯುಗಳು ಒಟ್ಟಿಗೆ ಬಿಗಿದು ಗಾಳಿಯನ್ನು ಮೂಗಿನಿಂದ ಹೊರಕ್ಕೆ ದಬ್ಬುತ್ತವೆ. ಈ ನರದ ಹೆಸರು ನೆನಪಿರಲಿ. ಮುಂದೆ ಮತ್ತೆ ಬರುತ್ತದೆ.

ದಿನಕ್ಕೆ ಒಂದೆರಡು ಸೀನು ಲೆಕ್ಕಕ್ಕಿಲ್ಲ. ಸಾಲುಸಾಲಾಗಿ ಸೀನಿದರೆ, ವಾರ ಕಳೆದರೂ ನಿಲ್ಲದಿದ್ದರೆ, ಜೊತೆಗೆ ಸಿಂಬಳ, ಕಣ್ಣಿನ ಪಿಚ್ಚು, ಊಟ ಬಿಡುವುದು ಕಂಡರೆ ಗಮನಿಸಬೇಕು. ನಮ್ಮ ಕಡೆ ಹೊರಡುವಾಗ ಒಂಟಿ ಸೀನು ಕೇಳಿದರೆ ಕೂತು ನೀರು ಕುಡಿದು ಹೋಗುವವರಿದ್ದಾರೆ, ಬೆಕ್ಕು ಅಡ್ಡ ಬಂದರೆ ಮನೆಗೆ ವಾಪಸಾಗುವವರೂ ಇದ್ದಾರೆ. ಅಡ್ಡ ಬಂದ ಬೆಕ್ಕೇ ಸೀನಿದರೆ ಏನು ಮಾಡಬೇಕೆಂದು ಹೇಳಿದ ಹಿರಿಯರು ಮಾತ್ರ ಈ ಲೇಖಕನಿಗೆ ಇನ್ನೂ ಸಿಕ್ಕಿಲ್ಲ.

ಸೀನೆಂದು ತಿಳಿದದ್ದೆಲ್ಲ ಸೀನಲ್ಲ. ಬೆಕ್ಕು ನೆಲಕ್ಕೆ ಕುಕ್ಕರಿಸಿ, ಕತ್ತನ್ನು ಮುಂದಕ್ಕೆ ಚಾಚಿ ಗೊರಗೊರ ಸದ್ದು ಮಾಡಿದರೆ ಅದು ಕೆಮ್ಮು, ಆಸ್ತಮಾ ಇದ್ದರೂ ಇರಬಹುದು. ಕೂದಲುಂಡೆ ಕಕ್ಕುವಾಗ ಹೊಟ್ಟೆ ಅಲೆಯಲೆಯಾಗಿ ಕುಗ್ಗುತ್ತದೆ. ಗಾಳಿಯನ್ನು ಹೊರಕ್ಕೆ ದಬ್ಬುವ ಬದಲು ಗೊರಕೆಯಂತೆ ಒಳಕ್ಕೆ ಎಳೆದುಕೊಂಡರೆ ಅದು ತಿರುವುಮುರುವು ಸೀನು. ಗಂಟಲ ಹಿಂಭಾಗದಲ್ಲಿ ಏನೋ ಅಡಚಣೆ ಇದೆಯೆಂಬ ಸೂಚನೆ. ಮನೆಯಲ್ಲಿ ದಿನವಿಡೀ ಸೀನಿದ ಬೆಕ್ಕು ಪಶುವೈದ್ಯರ ಮೇಜಿನ ಮೇಲೆ ಕೂತೊಡನೆ ಕಲ್ಲಿನಂತೆ ಸುಮ್ಮನಾಗುವುದು ಎಲ್ಲರ ಅನುಭವ. ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೊ ತೆಗೆದುಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ.

ಬೆಕ್ಕಿನ ಮೂಗು

ಬೆಕ್ಕಿನ ಪುಟ್ಟ ತಲೆಬುರುಡೆಯೊಳಗೆ ಕಾಗದದಷ್ಟು ತೆಳುವಾದ ಮೂಳೆಯ ಸುರುಳಿಗಳು ಒತ್ತೊತ್ತಾಗಿ ತುಂಬಿಕೊಂಡಿವೆ. 2023ರಲ್ಲಿ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಈ ಮೂಗಿನ ಕಂಪ್ಯೂಟರ್ ಮಾದರಿ ಕಟ್ಟಿ, ಒಳಗೆ ಬಂದ ಗಾಳಿ ಎರಡು ಪಾಲಾಗುವುದನ್ನು ತೋರಿಸಿದರು. ಒಂದು ಪಾಲು ಬೆಚ್ಚಗಾಗಿ, ತೇವಗೊಂಡು ಶ್ವಾಸಕೋಶಕ್ಕೆ ಹೋಗುತ್ತದೆ. ಇನ್ನೊಂದು ನೇರವಾಗಿ ವಾಸನೆ ಗ್ರಹಿಸುವ ಸುರುಳಿಗಳಿಗೆ ಹೋಗಿ ಅಲ್ಲಿ ಹಂಚಿಹೋಗುತ್ತದೆ. ಇಷ್ಟು ಇಕ್ಕಟ್ಟಾದ ಕುಸುರಿ ಕೆಲಸದಲ್ಲಿ ಸ್ವಲ್ಪ ಊತ ಬಂದರೂ ದಾರಿ ಮುಚ್ಚುತ್ತದೆ. ಮುಚ್ಚಿದರೆ ಬೆಕ್ಕಿಗೆ ವಾಸನೆ ಹೋಯಿತು, ವಾಸನೆ ಹೋದರೆ ಹಸಿವೂ ಹೋಯಿತು. ತಟ್ಟೆಯ ಮುಂದೆ ನಿಂತು, ಮೂಸಿ ನೋಡಿ, ಏನೂ ಗೊತ್ತಾಗದೆ ತಿರುಗಿ ಹೋಗುವ ಬೆಕ್ಕನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪರ್ಷಿಯನ್ ತಳಿಯ ಚಪ್ಪಟೆ ಮುಖದ ಬೆಕ್ಕುಗಳಲ್ಲಿ ಈ ಸುರುಳಿಗಳಿಗೆ ಇರುವ ಜಾಗ ಇನ್ನೂ ಕಡಿಮೆ, ಹೊಳ್ಳೆಗಳೂ ಕಿರಿದು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಅಂದಕ್ಕೆಂದು ತಂದು ಸಾಕುವ ಈ ಬೆಕ್ಕುಗಳು ಒಂದು ನೆಗಡಿಗೇ ಸೋತುಹೋಗುತ್ತವೆ. ಬೀದಿಯಲ್ಲಿ ಹುಟ್ಟಿದ ನಾಡಬೆಕ್ಕಿನ ಉದ್ದ ಮೂಗು ಈ ವಿಷಯದಲ್ಲಿ ಪುಣ್ಯ ಮಾಡಿದೆ.

ಎರಡು ವೈರಸ್‌ಗಳು

ಬೆಕ್ಕಿನ ನೆಗಡಿಯಲ್ಲಿ ಬಹುಪಾಲು ಎರಡೇ ವೈರಸ್‌ಗಳ ಕೆಲಸ. ಬೆಕ್ಕಿನ ಕ್ಯಾಲಿಸಿವೈರಸ್ ಮೊದಲು ಬೇರ್ಪಟ್ಟದ್ದು 1957ರಲ್ಲಿ ನ್ಯೂಜಿಲೆಂಡಿನಲ್ಲಿ, ಫಾಸ್ಟಿಯರ್ ಎಂಬವರಿಂದ. ಮರುವರ್ಷ ಅಮೆರಿಕದ ಕ್ರ್ಯಾಂಡೆಲ್ ಮತ್ತು ಮಾರರ್ ಬೆಕ್ಕಿನ ಹರ್ಪಿಸ್ ವೈರಸ್ ಅನ್ನು ಗುರುತಿಸಿದರು. ಎರಡರಲ್ಲೂ ಸೀನು, ಸಿಂಬಳ, ಜ್ವರ ಸಾಮಾನ್ಯ. ಆದರೆ ಹರ್ಪಿಸ್ ಕಣ್ಣಿಗೆ ಬೀಳುವುದು ಹೆಚ್ಚು, ಕ್ಯಾಲಿಸಿ ಬಾಯಿಗೆ ಬೀಳುವುದು ಹೆಚ್ಚು. ನಾಲಗೆಯ ಮೇಲೆ ಹುಣ್ಣಾಗಿ ಜೊಲ್ಲು ಸುರಿಸುತ್ತ, ಊಟ ಬೇಕೆಂದು ಬಂದು ಬಾಯಿಗಿಟ್ಟೊಡನೆ ಕೂಗಿಕೊಳ್ಳುವ ಬೆಕ್ಕಿನಲ್ಲಿ ಕ್ಯಾಲಿಸಿಯ ಅನುಮಾನ ಬರುತ್ತದೆ. ಈ ವೈರಸ್ ಕೆಲವು ಮರಿಗಳನ್ನು ಒಂದೆರಡು ದಿನ ಕುಂಟಿಸುವುದೂ ಉಂಟು. ಕಣ್ಣು ಕೆಂಪಾಗಿ, ಕಪ್ಪುಗುಡ್ಡೆಯ ಮುಂದಿನ ಪಾರದರ್ಶಕ ಪೊರೆಯಲ್ಲಿ ಮರದ ರೆಂಬೆಯಂತೆ ಕವಲೊಡೆದ ಗಾಯ ಕಂಡರೆ ಹರ್ಪಿಸ್ ಎಂದೇ ವೈದ್ಯರು ತೀರ್ಮಾನಿಸುತ್ತಾರೆ. ಮನೆಯಲ್ಲಿ ಉಳಿದಿರುವ ಸ್ಟೀರಾಯ್ಡ್ ಬೆರೆತ ಕಣ್ಣಿನ ಹನಿಯನ್ನು ಇಂಥ ಕಣ್ಣಿಗೆ ಬಿಟ್ಟರೆ ಗಾಯ ಆಳವಾಗಿ ಕಣ್ಣೇ ಹೋಗಬಹುದು.

ಸೀನಿನ ಹನಿಗಳು ಸುಮಾರು ಒಂದು, ಒಂದೂವರೆ ಮೀಟರಿನಷ್ಟು ದೂರ ಹಾರುತ್ತವೆ. ಅದಕ್ಕಿಂತ ಹೆಚ್ಚಾಗಿ ರೋಗ ಹರಡುವುದು ಬಟ್ಟಲು, ಹಾಸಿಗೆ, ಸಾಕಿದವರ ಕೈ, ಬಟ್ಟೆಗಳಿಂದ. ಹರ್ಪಿಸ್ ವೈರಸ್ ದೇಹದ ಹೊರಗೆ ಒಂದು ದಿನವೂ ತಾಳುವುದು ಕಷ್ಟ. ಸಾಮಾನ್ಯ ಸೋಪಿಗೂ ಸಾಯುತ್ತದೆ. ಕ್ಯಾಲಿಸಿ ಒಣಗಿದ ಜಾಗದಲ್ಲೂ ವಾರಗಟ್ಟಲೆ ಬದುಕುತ್ತದೆ, ಸ್ಪಿರಿಟ್ಟಿಗೂ ಸುಲಭವಾಗಿ ಜಗ್ಗುವುದಿಲ್ಲ. ಅದಕ್ಕೆ ಬ್ಲೀಚ್ ಬೇಕು: ಮನೆಬಳಕೆಯ ದ್ರವ ಬ್ಲೀಚ್ ಒಂದು ಪಾಲಿಗೆ 32 ಪಾಲು ನೀರು ಬೆರೆಸಿ, ತೊಳೆದ ಜಾಗದ ಮೇಲೆ ಹತ್ತು ನಿಮಿಷ ಬಿಟ್ಟು, ಮತ್ತೆ ನೀರಿನಲ್ಲಿ ತೊಳೆಯಬೇಕು. ನಮ್ಮ ಮನೆಗಳಲ್ಲಿ ಇಂಥ ಹೊತ್ತಿಗೆ ಮೊದಲು ಕೈಗೆ ಸಿಗುವುದು ಫಿನಾಯಿಲ್. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಬೆಕ್ಕಿನ ಪಿತ್ತಜನಕಾಂಗ ಕರಗಿಸಿ ಹೊರಹಾಕಲಾರದು. ಒರೆಸಿದ ನೆಲದ ಮೇಲೆ ನಡೆದ ಬೆಕ್ಕು ಆಮೇಲೆ ಪಾದ ನೆಕ್ಕಿಕೊಳ್ಳುತ್ತದೆ.

ಹೊಸ ಸೋಂಕು ತಗಲಿದ ಕೆಲವೇ ದಿನಗಳಲ್ಲಿ ಸೀನು ಶುರುವಾಗಿ, ಎರಡು ಮೂರು ವಾರಗಳಲ್ಲಿ ಇಳಿಯುತ್ತದೆ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ವಾಸಿಯಾದ ಬೆಕ್ಕಿನ ಟ್ರೈಜೆಮಿನಲ್ ನರದ ಗಂಟಿನೊಳಗೆ ಹರ್ಪಿಸ್ ವೈರಸ್ ಮುದುರಿ ಮಲಗುತ್ತದೆ, ಬೆಕ್ಕು ಬದುಕಿರುವಷ್ಟು ಕಾಲವೂ ಅಲ್ಲೇ ಇರುತ್ತದೆ. ಹೀಗೆ ಅದನ್ನು ಒಳಗಿಟ್ಟುಕೊಂಡು ಬಾಳುವ ಬೆಕ್ಕುಗಳೇ ಹೆಚ್ಚು. ಅದನ್ನು ಎಬ್ಬಿಸುವುದೇನೆಂದು ಬ್ರಿಟನ್ನಿನ ಗ್ಯಾಸ್ಕೆಲ್ ಮತ್ತು ಪೋವಿ 1977ರಲ್ಲಿ ಪ್ರಯೋಗದಿಂದ ತೋರಿಸಿದರು. ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟಾಗ, ಬೆಕ್ಕು ಮರಿಗೆ ಹಾಲೂಡುವಾಗ, ಬರಿದೇ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸ್ಥಳಾಂತರಿಸಿದಾಗಲೂ ಕೆಲವು ಬೆಕ್ಕುಗಳಲ್ಲಿ ವೈರಸ್ ಮತ್ತೆ ಹೊರಬಂತು. ದಿಗಿಲಾದ ದಿನವೇ ಅದು ಬರುವುದಿಲ್ಲ. ಸುಮಾರು ಒಂದು ವಾರ ತಡೆದು ಬರುತ್ತದೆ, ಒಂದೆರಡು ವಾರ ಇರುತ್ತದೆ. ಮನೆ ಬದಲಿಸಿದ್ದು, ನೆಂಟರ ಗದ್ದಲ, ಹೊಸ ಬೆಕ್ಕಿನ ಆಗಮನ, ಸುಣ್ಣಬಣ್ಣ ಇವುಗಳಿಗೂ ಸೀನಿಗೂ ಸಂಬಂಧ ಯಾರಿಗೂ ಹೊಳೆಯದಿರಲು ಈ ಒಂದು ವಾರದ ಅಂತರವೇ ಕಾರಣ.

ತಾಯಿಬೆಕ್ಕಿನ ಪಾಡು ವಿಚಿತ್ರ. ಹಾಲೂಡುವ ಶ್ರಮಕ್ಕೆ ಅದರ ವೈರಸ್ ಏಳುತ್ತದೆ. ಹಾಲಿನಿಂದ ಮರಿಗೆ ಸಿಕ್ಕಿದ ರೋಗನಿರೋಧಕ ಶಕ್ತಿ ಕೆಲವು ವಾರಗಳಲ್ಲಿ ಕರಗುತ್ತದೆ. ಆ ಹೊತ್ತಿಗೆ ಮರಿಯ ಮುಖ ನೆಕ್ಕುವ ತಾಯಿಯೇ ರೋಗ ದಾಟಿಸುತ್ತದೆ. ಮಳೆಗಾಲದಲ್ಲಿ ಮೆಟ್ಟಿಲ ಕೆಳಗೆ, ಕಾರಿನ ಅಡಿಯಲ್ಲಿ ಕಣ್ಣು ಅಂಟಿಕೊಂಡು ಸೀನುತ್ತ ಸಿಗುವ ಒಂದೂವರೆ ತಿಂಗಳ ಮರಿಗಳ ಹಿಂದಿನ ಕಥೆ ಬಹಳ ಸಲ ಇದೇ.

ಇವೆರಡರ ಬೆನ್ನಿಗೆ ಬರುವ ಬ್ಯಾಕ್ಟೀರಿಯಾಗಳೂ ಇವೆ. ಬೋರ್ಡೆಟೆಲ್ಲ ಕೆಮ್ಮನ್ನೂ ತರುತ್ತದೆ. ಕ್ಲಮೈಡಿಯ ಫೆಲಿಸ್ ಮುಖ್ಯವಾಗಿ ಕಣ್ಣಿನ ರೋಗಾಣು, ಒಂದು ಕಣ್ಣಿನಲ್ಲಿ ಶುರುವಾಗಿ ಇನ್ನೊಂದಕ್ಕೆ ದಾಟುತ್ತದೆ.

ವೈರಸ್ಸಲ್ಲದ ಕಾರಣಗಳು

ಎರಡೂ ಹೊಳ್ಳೆಗಳಿಂದ ಸಿಂಬಳ ಬಂದರೆ ಸೋಂಕು, ಒಂದೇ ಹೊಳ್ಳೆಯಿಂದ ಬಂದರೆ ಬೇರೇನೋ ಎಂಬುದು ಕಚ್ಚಾ ಲೆಕ್ಕ. ಆದರೂ ಉಪಯೋಗಕ್ಕೆ ಬರುತ್ತದೆ. ಬೆಕ್ಕಿನ ವಯಸ್ಸನ್ನೂ ಜೊತೆಗಿಟ್ಟು ನೋಡಬೇಕು.

ಎಳೆಯ ಬೆಕ್ಕು ಮಲಗಿದಾಗ ಗೊರಕೆ ಹೊಡೆದು, ಎದ್ದಾಗ ಸೀನುತ್ತ, ಧ್ವನಿಯೂ ಬದಲಾದಂತೆ ಕಂಡರೆ ಮೂಗಿನ ಹಿಂಭಾಗದಲ್ಲಿ ಪಾಲಿಪ್ ಇರಬಹುದು. ಇದು ನಡುಗಿವಿಯಿಂದ ಕಾಂಡದ ಮೇಲೆ ಬೆಳೆದು ಬರುವ ಮಾಂಸದ ಗುಳ್ಳೆ, ಕ್ಯಾನ್ಸರ್ ಅಲ್ಲ. ಅರಿವಳಿಕೆ ಕೊಟ್ಟು ಇಕ್ಕಳದಿಂದ ಹಿಡಿದು ಎಳೆದು ತೆಗೆಯುತ್ತಾರೆ.

ಹುಲ್ಲಿನ ಕಥೆ ಬೇರೆ. ಬೆಕ್ಕು ಹೊಟ್ಟೆ ಹಗುರಾಗಲೆಂದೋ ರುಚಿಗೋ ಗರಿಕೆ ಮೇಯುತ್ತದೆ. ಕಕ್ಕುವಾಗ ಒಂದು ಎಸಳು ಬಾಯಿಗೆ ಬರದೆ ತಾಲುವಿನ ಹಿಂದಿನಿಂದ ಮೂಗಿಗೆ ಹೊಕ್ಕುಬಿಡುತ್ತದೆ. ಎಸಳಿನ ಅಂಚಿನಲ್ಲಿರುವ ಸೂಕ್ಷ್ಮ ಮುಳ್ಳುಗಳು ಅದನ್ನು ಹಿಂದಕ್ಕೆ ಬಿಡುವುದಿಲ್ಲ. ಅಲ್ಲಿಯವರೆಗೆ ಚೆನ್ನಾಗಿದ್ದ ಬೆಕ್ಕು ಒಮ್ಮೆಲೇ ಹತ್ತಿಪ್ಪತ್ತು ಸಲ ಸೀನಿ, ಮುಂಗಾಲಿನಿಂದ ಮೂಗು ಉಜ್ಜಿಕೊಂಡು, ತಲೆ ಒದರುತ್ತದೆ. ಸೀನು ಒಂದೆರಡು ದಿನಗಳಲ್ಲಿ ಕಡಿಮೆಯಾಗಿ, ಎಸಳು ಒಳಗೇ ಕೊಳೆತು, ವಾರಗಳ ನಂತರ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬರತೊಡಗುತ್ತದೆ. ಹೊಳ್ಳೆಯ ತುದಿಯಲ್ಲಿ ಹಸಿರು ಎಳೆ ಇಣುಕಿದರೂ ಅದನ್ನು ಮನೆಯಲ್ಲಿ ಎಳೆಯದಿರುವುದು ವಾಸಿ. ತುಂಡಾದರೆ ಉಳಿದದ್ದು ಇನ್ನೂ ಒಳಗೆ ಹೋಗುತ್ತದೆ.

ನಡುವಯಸ್ಸಿನ ಬೆಕ್ಕಿನಲ್ಲಿ ಬಾಯಿ ತೆರೆದು ನೋಡಬೇಕು. ಮೇಲಿನ ಕೋರೆಹಲ್ಲಿನ ಬೇರಿಗೂ ಮೂಗಿಗೂ ನಡುವೆ ಇರುವುದು ತೆಳು ಮೂಳೆಯೊಂದೇ. ಬೇರು ಕೀವಾದರೆ ಆ ಗೋಡೆ ತೂತಾಗಿ, ತಿಂದ ಅನ್ನದ ಅಗುಳೂ ಮೂಗಿಗೆ ಹೋಗಿ ಸೀನು ತರಿಸುತ್ತದೆ. ಸೀನಿಗೆ ಮದ್ದು ಹಲ್ಲು ಕೀಳುವುದು ಎಂದರೆ ಮೊದಲ ಸಲ ಕೇಳಿದವರು ನಂಬುವುದಿಲ್ಲ.

ಶಿಲೀಂಧ್ರಗಳಲ್ಲಿ ಮುಖ್ಯವಾದದ್ದು ಕ್ರಿಪ್ಟೊಕಾಕಸ್. ಇದರ ಒಂದು ಜಾತಿ ಪಾರಿವಾಳದ ಹಿಕ್ಕೆಯಲ್ಲಿ ಬೆಳೆಯುತ್ತದೆ. ಇನ್ನೊಂದು ಜಾತಿಗೂ ನೀಲಗಿರಿ ಮರಕ್ಕೂ ನಂಟಿದೆಯೆಂದು 1990ರಲ್ಲಿ ಆಸ್ಟ್ರೇಲಿಯದ ಎಲ್ಲಿಸ್ ಮತ್ತು ಫೈಫರ್ ಕಂಡುಕೊಂಡರು. ಸುಮಾರು 1790ರಲ್ಲಿ ನಂದಿಬೆಟ್ಟದ ತೋಟಕ್ಕೆ ಟಿಪ್ಪುವಿನ ಕಾಲದಲ್ಲಿ ಬಂದ ನೀಲಗಿರಿ ಈಗ ಕೋಲಾರ, ಬೆಂಗಳೂರು ಸುತ್ತಲಿನ ಬಯಲುಗಳಲ್ಲಿ ಎಲ್ಲೆಲ್ಲೂ ಇದೆ. ಪಾರಿವಾಳವಂತೂ ಅಪಾರ್ಟ್‌ಮೆಂಟಿನ ಎಲ್ಲ ಬಾಲ್ಕನಿಗಳಲ್ಲೂ ಇದೆ. ಹಾಗೆಂದು ಹೆದರಬೇಕಿಲ್ಲ, ಬಹಳಷ್ಟು ಬೆಕ್ಕುಗಳಿಗೆ ಏನೂ ಆಗುವುದಿಲ್ಲ. ಆದರೆ ಸೀನಿನ ಜೊತೆ ಮೂಗಿನ ದಿಣ್ಣೆ ಊದಿ ಮುಖದ ಆಕಾರವೇ ಬದಲಾದರೆ ಈ ರೋಗದ ಪರೀಕ್ಷೆ ಮಾಡಿಸಲೇಬೇಕು. ರಕ್ತಪರೀಕ್ಷೆಯಲ್ಲಿ ಪತ್ತೆಯಾಗುತ್ತದೆ, ಶಿಲೀಂಧ್ರನಾಶಕ ಮಾತ್ರೆ ತಿಂಗಳುಗಟ್ಟಲೆ ಕೊಡಬೇಕಾಗುತ್ತದೆ. ಮುದಿ ಬೆಕ್ಕಿನ ಒಂದೇ ಹೊಳ್ಳೆಯಿಂದ ರಕ್ತ ಬೆರೆತ ಸಿಂಬಳ ಬಂದರೆ ಗೆಡ್ಡೆಯ ಶಂಕೆ. ಬೆಕ್ಕಿನ ಮೂಗಿನ ಗೆಡ್ಡೆಗಳಲ್ಲಿ ಲಿಂಫೋಮ ಎಲ್ಲಕ್ಕಿಂತ ಸಾಮಾನ್ಯ. ಅದು ವಿಕಿರಣ ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುತ್ತದೆ.

ಅಲರ್ಜಿ ಎಂದು ಎಲ್ಲರೂ ಮೊದಲು ಹೇಳುತ್ತಾರೆ. ಬೆಕ್ಕಿನಲ್ಲಿ ಅಲರ್ಜಿ ಮೂಗಿಗಿಂತ ಚರ್ಮದಲ್ಲಿ ಕಾಣುವುದೇ ಹೆಚ್ಚು. ಹೊಗೆ, ಧೂಳಿನ ಕೆರಳಿಕೆ ಮಾತ್ರ ನಿಜ: ಸೊಳ್ಳೆಬತ್ತಿ, ಊದುಬತ್ತಿ, ಸಾಂಬ್ರಾಣಿ, ಒಣಮೆಣಸಿನಕಾಯಿ ಹುರಿದ ಘಾಟು, ಲಿಟ್ಟರ್ ಮರಳಿನ ಧೂಳು. ಇವು ನೆಲದ ಮಟ್ಟದಲ್ಲಿ ಬದುಕುವ ಪ್ರಾಣಿಗೆ ನಮಗಿಂತ ಹತ್ತಿರ. ಪೂಜೆಯಾದ ಅರ್ಧ ಗಂಟೆಯೊಳಗೆ ಮಾತ್ರ ಸೀನುವ ಬೆಕ್ಕಿಗೆ ಔಷಧಿ ಬೇಡ, ಕಿಟಕಿ ತೆರೆದರೆ ಸಾಕು.

ಪರೀಕ್ಷೆ

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ತಣ್ಣಗಿನ ಸ್ಟೀಲ್ ಚಮಚವನ್ನು ಬೆಕ್ಕಿನ ಮೂಗಿನ ಕೆಳಗೆ ಒಂದು ಕ್ಷಣ ಹಿಡಿದರೆ ಉಸಿರಿನ ಆವಿ ಎರಡು ಮಚ್ಚೆಗಳಾಗಿ ಮೂಡುತ್ತದೆ. ಒಂದೇ ಮಚ್ಚೆ ಮೂಡಿದರೆ ಒಂದು ಹೊಳ್ಳೆ ಮುಚ್ಚಿದೆ ಎಂದರ್ಥ. ವೈದ್ಯರಿಗೆ ಇಷ್ಟು ಹೇಳಿದರೂ ಎಲ್ಲಿಂದ ಹುಡುಕಬೇಕೆಂಬುದು ಗೊತ್ತಾಗುತ್ತದೆ.

ಸಿಂಬಳದ ಪಿಸಿಆರ್ ಪರೀಕ್ಷೆಯನ್ನು ಅಗತ್ಯಕ್ಕಿಂತ ಹೆಚ್ಚು ನಂಬುವ ರೂಢಿ ಬೆಳೆದಿದೆ. ಆರೋಗ್ಯವಾಗಿರುವ ಬೆಕ್ಕಿನಲ್ಲೂ ಈ ವೈರಸ್‌ಗಳು ಸಿಗುತ್ತವೆ. ಹೀಗಾಗಿ ಪಾಸಿಟಿವ್ ಬಂದ ಮಾತ್ರಕ್ಕೆ ಸೀನಿನ ಕಾರಣ ಸಿಕ್ಕಿತೆನ್ನುವಂತಿಲ್ಲ. ತಿಂಗಳುಗಟ್ಟಲೆ ಬಿಡದ ಸೀನಿಗೆ ಅರಿವಳಿಕೆ ಕೊಟ್ಟು ಬಾಯಿ, ಹಲ್ಲು, ತಾಲುವಿನ ಹಿಂಭಾಗ ನೋಡಿ, ಸಿಟಿ ಸ್ಕ್ಯಾನ್ ಮಾಡಿ, ನಂತರ ಕ್ಯಾಮೆರಾ ಕೊಳವೆ ಇಳಿಸಿ ತುಣುಕು ತೆಗೆಯುತ್ತಾರೆ. ಸ್ಕ್ಯಾನ್ ಮೊದಲು, ಕೊಳವೆ ಆಮೇಲೆ. ಕೊಳವೆ ತಾಗಿ ರಕ್ತ ಬಂದರೆ ಸ್ಕ್ಯಾನಿನ ಚಿತ್ರ ಕೆಡುತ್ತದೆ. ಈ ಸೌಕರ್ಯ ಸಿಗುವುದು ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ, ಖರ್ಚೂ ಸಣ್ಣದಲ್ಲ. ಉಳಿದ ಕಡೆ ವೈದ್ಯರ ಕಣ್ಣು, ಕೈ, ಬೆಕ್ಕಿನ ಹಿನ್ನೆಲೆ ಇವುಗಳ ಮೇಲೆಯೇ ತೀರ್ಮಾನ ನಿಲ್ಲುತ್ತದೆ.

ಆರೈಕೆ

ಸೀನುವ ಬೆಕ್ಕು ತಿನ್ನುತ್ತಿದೆಯೇ ಎಂಬುದೇ ಮೊದಲ ಪ್ರಶ್ನೆ. ತಿನ್ನುತ್ತ, ಆಡುತ್ತ ಇದ್ದರೆ ಕಾಯಬಹುದು. ಆ್ಯಂಟಿಬಯೋಟಿಕ್ ಬಳಕೆಯ ಬಗ್ಗೆ 2017ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪಶುವೈದ್ಯ ಮಾರ್ಗಸೂಚಿ ಜ್ವರ, ಮಂಕು, ಊಟ ಬಿಡುವುದು ಇಲ್ಲದಿದ್ದರೆ ಹತ್ತು ದಿನಗಳವರೆಗೂ ಆ್ಯಂಟಿಬಯೋಟಿಕ್ ಇಲ್ಲದೆ ಕಾದು ನೋಡಿ ಎನ್ನುತ್ತದೆ. ಕೊಡಬೇಕಾಗಿ ಬಂದರೆ ಡಾಕ್ಸಿಸೈಕ್ಲಿನ್ ಮೊದಲ ಆಯ್ಕೆಗಳಲ್ಲೊಂದು. ಅದರ ಒಣ ಮಾತ್ರೆ ಬೆಕ್ಕಿನ ಅನ್ನನಾಳದಲ್ಲಿ ಅಂಟಿ ಸುಟ್ಟು, ನಾಳವೇ ಕಿರಿದಾಗಿಬಿಡಬಹುದು. ಮಾತ್ರೆಯ ಹಿಂದೆಯೇ ಒಂದಿಷ್ಟು ನೀರನ್ನೋ ಆಹಾರವನ್ನೋ ಒಳಗೆ ಕಳಿಸಬೇಕು.

ಊಟ ಬಿಟ್ಟ ಬೆಕ್ಕಿಗೆ ವಾಸನೆಯನ್ನು ಹತ್ತಿರ ತರಬೇಕು. ಬೇಯಿಸಿದ ಬೂತಾಯಿ, ಬಂಗುಡೆಯನ್ನೋ ಕೋಳಿಯನ್ನೋ ಮುಳ್ಳು, ಮೂಳೆ ತೆಗೆದು, ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೋಕಿಸದೆ, ಬೆಕ್ಕಿನ ಮೈಬಿಸಿಯಷ್ಟು, ಅಂದರೆ 38 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗೆ ಮಾಡಿ ಇಡಬೇಕು. ಅದಕ್ಕೂ ಮೊದಲು ಹೊಳ್ಳೆ ಸ್ವಚ್ಛವಾಗಬೇಕು. ಒಣಗಿದ ಸಿಂಬಳವನ್ನು ಕೀಳಬಾರದು. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯನ್ನು ಒಂದು ನಿಮಿಷ ಮೂಗಿನ ಮೇಲೆ ಒತ್ತಿ ಹಿಡಿದರೆ ಅದೇ ಮೆದುವಾಗಿ ಬರುತ್ತದೆ. ಕಣ್ಣಿಗೆ ಬೇರೆ ಹತ್ತಿ, ಒಳಮೂಲೆಯಿಂದ ಹೊರಕ್ಕೆ ಒಂದೇ ಸಲ ಒರೆಸಿ ಎಸೆಯಬೇಕು. ಬಚ್ಚಲುಮನೆಯಲ್ಲಿ ಬಿಸಿನೀರು ಬಿಟ್ಟು, ಆವಿ ತುಂಬಿದ ಮೇಲೆ ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡು ಹತ್ತು ನಿಮಿಷ ಕೂತರೆ ಗಟ್ಟಿಯಾದದ್ದು ಕರಗಿ ಸಾಲು ಸೀನು ಬರುತ್ತದೆ. ಆ ಸೀನು ಒಳ್ಳೆಯದಕ್ಕೆ. ದಪ್ಪ ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯ. ಆದ್ದರಿಂದ ಒಂದು ಪೂರ್ತಿ ದಿನ ಬಾಯಿಗೆ ಏನೂ ಇಡದ ಬೆಕ್ಕನ್ನು, ಬಾಯಿ ತೆರೆದು ಉಸಿರಾಡುವ ಬೆಕ್ಕನ್ನಂತೂ ತಕ್ಷಣವೇ, ವೈದ್ಯರಿಗೆ ತೋರಿಸಬೇಕು.

ಮನೆಯ ಔಷಧಿ ಡಬ್ಬಿಯಿಂದ ಬೆಕ್ಕಿಗೆ ಆಗುವ ಅನಾಹುತ ಸೀನಿನಿಂದ ಆಗುವುದಕ್ಕಿಂತ ದೊಡ್ಡದು. ಜ್ವರ ಬಂದಿದೆಯೆಂದು ಮಕ್ಕಳಿಗೆ ಕೊಡುವಂತೆ ಪ್ಯಾರಸಿಟಮಾಲ್ ಕೊಡುವವರಿದ್ದಾರೆ. ಅದನ್ನು ಒಡೆದು ಹೊರಹಾಕುವ ಕಿಣ್ವ ಬೆಕ್ಕಿನಲ್ಲಿ ಕೆಲಸ ಮಾಡುವುದಿಲ್ಲ. 500 ಮಿಲಿಗ್ರಾಂನ ಒಂದೇ ಮಾತ್ರೆಗೆ 4 ಕಿಲೋ ತೂಕದ ಬೆಕ್ಕು ಸಾಯಬಹುದು. ರಕ್ತ ಆಮ್ಲಜನಕ ಒಯ್ಯಲಾರದೆ ಒಸಡು ಚಾಕೊಲೇಟ್ ಬಣ್ಣಕ್ಕೆ ತಿರುಗಿ, ಮುಖ, ಪಾದ ಊದಿಕೊಳ್ಳುತ್ತವೆ. ಎದೆಗೆ, ಹಣೆಗೆ ಹಚ್ಚುವ ಕರ್ಪೂರ, ನೀಲಗಿರಿ ಎಣ್ಣೆ ಬೆರೆತ ಮುಲಾಮನ್ನು ಬೆಕ್ಕಿಗೆ ಹಚ್ಚಬಾರದು, ಹಬೆಯ ನೀರಿಗೂ ಹಾಕಬಾರದು. ಮನುಷ್ಯರ ಹರ್ಪಿಸ್‌ಗೆ ಕೊಡುವ ವಾಲಸೈಕ್ಲೊವಿರ್ ಬೆಕ್ಕಿಗೆ ವಿಷ. ಫಾಮ್ಸಿಕ್ಲೊವಿರ್ ಎಂಬ ಸೋದರ ಔಷಧಿ ಕೆಲಸ ಮಾಡುತ್ತದೆ. ಎಷ್ಟು, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಬೇಕು. ಲೈಸಿನ್ ಪುಡಿ, ಪೇಸ್ಟುಗಳನ್ನು ವರ್ಷಗಟ್ಟಲೆ ಎಲ್ಲರೂ ಬರೆದುಕೊಟ್ಟರು. 2015ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದ ಬೋಲ್ ಮತ್ತು ಬುನ್ನಿಕ್ ಅದರಿಂದ ಪ್ರಯೋಜನವಿಲ್ಲವೆಂದರು. ಅಂಗಡಿಯಲ್ಲಿ ಅದು ಈಗಲೂ ಮಾರಾಟವಾಗುತ್ತಿದೆ.

ಲಸಿಕೆ

ಹರ್ಪಿಸ್, ಕ್ಯಾಲಿಸಿ, ಜೊತೆಗೆ ಮಾರಕವಾದ ಪ್ಯಾನ್‌ಲ್ಯೂಕೊಪೀನಿಯ ಮೂರಕ್ಕೂ ಸೇರಿದ ಲಸಿಕೆಯನ್ನು ಮರಿಗೆ ಆರರಿಂದ ಎಂಟು ವಾರವಾದಾಗ ಶುರುಮಾಡಿ, 16 ವಾರ ದಾಟುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಕೊಡುತ್ತಾರೆ. ಪ್ಯಾನ್‌ಲ್ಯೂಕೊಪೀನಿಯಕ್ಕೆ ಇದು ಗಟ್ಟಿ ರಕ್ಷಣೆ. ನೆಗಡಿಯ ಎರಡು ವೈರಸ್‌ಗಳ ಮಟ್ಟಿಗೆ ಸೋಂಕು ತಗಲದಂತೆ ತಡೆಯುವುದಿಲ್ಲ, ತಗಲಿದರೆ ಹಗುರಾಗಿ ಹೋಗುವಂತೆ ಮಾಡುತ್ತದೆ. ‘ಲಸಿಕೆ ಹಾಕಿಸಿದರೂ ಸೀನುತ್ತಿದೆಯಲ್ಲ’ ಎಂಬ ದೂರು ಹುಟ್ಟುವುದು ಇಲ್ಲಿಂದ. ನರದಲ್ಲಿ ಆಗಲೇ ಮಲಗಿರುವ ವೈರಸ್ಸನ್ನು ಲಸಿಕೆ ಹೊರಗಟ್ಟಲಾರದು.

ಮನುಷ್ಯರಿಗೆ

ಬೆಕ್ಕಿನ ಹರ್ಪಿಸ್, ಕ್ಯಾಲಿಸಿ ಮನುಷ್ಯರಿಗೆ ಅಂಟುವುದಿಲ್ಲ. ಅಪವಾದವಾಗಿ ಬೇರೆ ರೋಗಾಣುಗಳಿವೆ. ಬ್ರೆಜಿಲಿನ ರಿಯೊ ಡಿ ಜನೈರೊ ಸುತ್ತ 1990ರ ದಶಕದ ಕೊನೆಯಿಂದ ಬೆಕ್ಕುಗಳಲ್ಲಿ ಹಬ್ಬಿದ ಸ್ಪೊರೊಟ್ರೈಕೋಸಿಸ್ ಎಂಬ ಶಿಲೀಂಧ್ರರೋಗದಲ್ಲಿ ಸೀನು ಸಾಮಾನ್ಯ ಲಕ್ಷಣ. ಬೆಕ್ಕು ಪರಚಿ, ಕಚ್ಚಿ ಅದು ಸಾವಿರಾರು ಜನರಿಗೆ ದಾಟಿದೆ. 2021ರ ಆಗಸ್ಟಿನಲ್ಲಿ ಥಾಯ್ಲೆಂಡಿನ ಸೊಂಗ್‌ಖ್ಲಾದಲ್ಲಿ ಕೋವಿಡ್ ತಗಲಿದ ಮನೆಯವರ ಬೆಕ್ಕೊಂದರ ಮೂಗಿನ ಮಾದರಿ ತೆಗೆಯುತ್ತಿದ್ದ ಪಶುವೈದ್ಯೆಯ ಮುಖಕ್ಕೆ ಆ ಬೆಕ್ಕು ನೇರವಾಗಿ ಸೀನಿತು. ಆಕೆ ಮಾಸ್ಕ್ ಹಾಕಿದ್ದರು, ಕೈಗವಸಿತ್ತು, ಕಣ್ಣಿಗೆ ಮಾತ್ರ ಏನೂ ಇರಲಿಲ್ಲ. ಮೂರು ದಿನಗಳಲ್ಲಿ ಜ್ವರ ಬಂತು. ಬೆಕ್ಕಿನಿಂದ ಮನುಷ್ಯರಿಗೆ ಕೋವಿಡ್ ದಾಟಿದ್ದಕ್ಕೆ ಸಿಕ್ಕ ಮೊದಲ ಬಲವಾದ ಸಾಕ್ಷ್ಯ ಅದು.

ದೀರ್ಘಕಾಲದ ಸೀನು

ಎಳವೆಯಲ್ಲಿ ಹರ್ಪಿಸ್ ಜೋರಾಗಿ ಬಂದ ಕೆಲವು ಬೆಕ್ಕುಗಳ ಮೂಗಿನ ಸುರುಳಿ ಮೂಳೆಗಳೇ ಸವೆದುಹೋಗಿರುತ್ತವೆ. ಸವೆದ ಜಾಗದಲ್ಲಿ ಸಿಂಬಳ ನಿಂತು, ಬ್ಯಾಕ್ಟೀರಿಯಾ ಬೆಳೆದು, ಬೆಕ್ಕು ಜೀವಮಾನವಿಡೀ ಸೊರಸೊರ ಎನ್ನುತ್ತಿರುತ್ತದೆ. ಹೋದ ಮೂಳೆಯನ್ನು ತಂದುಕೊಡುವ ಔಷಧಿಯಿಲ್ಲ. ಸಿಂಬಳ ಸಿಡಿದ ಕಿಟಕಿಯ ಪಕ್ಕದ ಗೋಡೆ ಒರೆಸುವುದು, ವಾರಕ್ಕೆರಡು ಸಲ ಆವಿ, ಕೆರಳಿದಾಗ ಮಾತ್ರ ಔಷಧಿ, ಉಳಿದಂತೆ ಬೆಕ್ಕಿನ ದಿನಚರಿ ಕದಡದಂತೆ ನೋಡಿಕೊಳ್ಳುವುದು ಇಷ್ಟೇ ಉಳಿಯುತ್ತದೆ. ಅಡಗಿ ಕೂರಲು ರಟ್ಟಿನ ಪೆಟ್ಟಿಗೆ ಸಿಕ್ಕ ಬೆಕ್ಕುಗಳು ಹೊಸ ಜಾಗಕ್ಕೆ ಬೇಗ ಹೊಂದಿಕೊಂಡದ್ದನ್ನು 2014ರಲ್ಲಿ ನೆದರ್‌ಲೆಂಡ್ಸಿನ ಸಂಶೋಧಕರು ಆಶ್ರಯಧಾಮವೊಂದರಲ್ಲಿ ಕಂಡಿದ್ದರು. ಕಿರಾಣಿ ಅಂಗಡಿಯ ಖಾಲಿ ಡಬ್ಬ ಸಾಕು.

ಇನ್ನೊಂದು ಸಾಧನ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್. ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ ಸೀನು ಹೆಚ್ಚಿದ ದಿನಕ್ಕೊಂದು ಚುಕ್ಕಿ ಇಡುತ್ತ ಹೋದರೆ ಒಂದು ವರ್ಷದಲ್ಲಿ ಚುಕ್ಕಿಗಳು ಗುಂಪುಗೂಡುತ್ತವೆ. ಗುಂಪಿನಿಂದ ಏಳೆಂಟು ಮನೆ ಹಿಂದಕ್ಕೆ ಎಣಿಸಿದರೆ ಬೆರಳು ದೀಪಾವಳಿಯ ಪಟಾಕಿಯ ಮೇಲೋ, ಊರಿನಿಂದ ಮಕ್ಕಳು ಬಂದಿಳಿದ ದಿನದ ಮೇಲೋ ಹೋಗಿ ನಿಲ್ಲುತ್ತದೆ.